ಅಚ್ಚಿಗೆ ಬಿಟ್ಟವರು ಯಾರು? ಗವರ್ನರ್ ಮೆಕ್ವಾರಿಯ ಕಾರ್ಯದರ್ಶಿಯ ಮೊಕದ್ದಮೆ ಕುರಿತು ಒಂದು ಬಹಿರಂಗ ಪತ್ರ

ಸಿಡ್ನಿ, ಪ್ಯಾರಾಮಾಟ್ಟಾ ಸುತ್ತಮುತ್ತ ವಾರದ ಕೊನೆಯಲ್ಲಿ ಕನ್ನಡ ಶಾಲೆ ನಡೆಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ. ಆಸ್ಟ್ರೇಲಿಯಾದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವ, ಅನುವಾದಿಸುವ, ತಿದ್ದುವ ಎಲ್ಲ ಗೆಳೆಯರಿಗೆ,

ನಮಸ್ಕಾರ.

ಲಾಕ್ಲನ್ ಮೆಕ್ವಾರಿಯ ಹೆಸರು ನಿಮ್ಮ ಮಕ್ಕಳಿಗೆ ಹೊಸದಲ್ಲ. ಬೀದಿಗೆ, ನದಿಗೆ, ಬ್ಯಾಂಕಿಗೆ, ವಿಶ್ವವಿದ್ಯಾಲಯಕ್ಕೆ ಅದೇ ಹೆಸರು. ಕನ್ನಡದವರಿಗೆ ಆತನ ಪರಿಚಯ ಇನ್ನೂ ಹಳೆಯದು. 1792ರಲ್ಲಿಯೂ 1799ರಲ್ಲಿಯೂ ಶ್ರೀರಂಗಪಟ್ಟಣದ ಮೇಲೆ ಏರಿಬಂದ ಕಂಪನಿ ಪಡೆಗಳಲ್ಲಿ ಈ ಮೆಕ್ವಾರಿಯೂ ಇದ್ದ. ಮುಂದೆ ಮುಂಬೈ ಗವರ್ನರ್ ಜೊನಾಥನ್ ಡಂಕನ್ ಬಳಿ ಸೈನಿಕ ಕಾರ್ಯದರ್ಶಿಯಾಗಿ ಕೆಲಸ ಮಾಡಿದ. ಗವರ್ನರನ ಪಕ್ಕದ ಮೇಜಿನಲ್ಲಿ ಕೂತವನ ಕೈಯಲ್ಲಿ ಎಷ್ಟು ಅಧಿಕಾರ ಇರುತ್ತದೆ ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. 1810ರ ಜನವರಿ 1ರಂದು, ಬ್ರಿಟನ್ ತನ್ನ ಕೈದಿಗಳನ್ನು ಕಳಿಸುತ್ತಿದ್ದ ನ್ಯೂ ಸೌತ್ ವೇಲ್ಸ್ ವಸಾಹತಿನ ಗವರ್ನರ್ ಆದಾಗ ತನ್ನ ಪಕ್ಕದ ಮೇಜಿಗೆ ಅವನು ಕೂರಿಸಿಕೊಂಡದ್ದು ಜಾನ್ ಥಾಮಸ್ ಕ್ಯಾಂಪ್‌ಬೆಲ್ ಎಂಬ ಐರ್ಲೆಂಡಿನವನನ್ನು. ಈ ಪತ್ರ ಆ ಕ್ಯಾಂಪ್‌ಬೆಲ್ ಮೇಲೆ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್‌ನ ದೂರಿನಿಂದ 1817ರಲ್ಲಿ ನಡೆದ ಮಾನಹಾನಿ ಮೊಕದ್ದಮೆಗಳ ಬಗ್ಗೆ.

ಮೊಕದ್ದಮೆ ಎನ್ನದೆ ಮೊಕದ್ದಮೆಗಳು ಎಂದದ್ದು ಬೇಕೆಂದೇ. ಒಂದು ಕ್ರಿಮಿನಲ್, ಇನ್ನೊಂದು ಸಿವಿಲ್. ಕೋರ್ಟು ಬೇರೆ, ನ್ಯಾಯಾಧೀಶರು ಬೇರೆ, ತೀರ್ಪೂ ಬೇರೆ. ಈ ಎರಡನ್ನೂ ಕಲಸಿ, "ಗವರ್ನರ್ ಮೆಕ್ವಾರಿಗೂ ಪಾದ್ರಿ ಮಾರ್ಸ್‌ಡನ್‌ಗೂ ಜಗಳ, ಕೊನೆಗೆ ಪಾದ್ರಿಗೆ ಇನ್ನೂರು ಪೌಂಡು" ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಅಸಲು ವಿಷಯವೇ ಕೈಬಿಟ್ಟುಹೋಗುತ್ತದೆ. ಅಸಲು ವಿಷಯ ಇದು: ಸರ್ಕಾರದ ಪರವಾಗಿ ಪತ್ರಿಕೆಯನ್ನು ಸೆನ್ಸಾರ್ ಮಾಡುವ ಅಧಿಕಾರಿಯೇ ಸುಳ್ಳು ಹೆಸರಿನಲ್ಲಿ ಅದೇ ಪತ್ರಿಕೆಗೆ ಬರೆದರೆ, ಕಾನೂನು ಅವನನ್ನು ಯಾವ ಕೈಗಾಗಿ ಹಿಡಿಯಬೇಕು? ಬರೆದ ಕೈಗೋ, ಅಚ್ಚಿಗೆ ಬಿಟ್ಟ ಕೈಗೋ? ಸಿಡ್ನಿಯ ಕ್ರಿಮಿನಲ್ ಕೋರ್ಟು ಎರಡನೆಯದನ್ನು ಹಿಡಿಯಿತು. ಪಾಠ ಮಾಡುವಾಗ ಮಕ್ಕಳಿಗೆ ಅದು ತಲುಪಬೇಕು.

ಮೊದಲು ಹುದ್ದೆಯ ಮಾತು. ಕ್ಯಾಂಪ್‌ಬೆಲ್‌ನನ್ನು "ಖಾಸಗಿ ಕಾರ್ಯದರ್ಶಿ" ಎಂದು ಬರೆದು ಬಿಟ್ಟರೆ ಕನ್ನಡದ ಓದುಗರ ಕಣ್ಣಿಗೆ ಕಾಣುವುದು ಡೈರಿ ನೋಡಿಕೊಂಡು ಫೋನ್ ಎತ್ತುವ ಒಬ್ಬ ಪಿ.ಎ. ಆ ಕಾಲದಲ್ಲಿ "ಗವರ್ನರ್ ಅವರ ಕಾರ್ಯದರ್ಶಿ" ಎಂಬ ಒಂದೇ ಹುದ್ದೆಯೊಳಗೆ ಗವರ್ನರನ ಆಪ್ತ ಪತ್ರವ್ಯವಹಾರವೂ ಇತ್ತು, ಇಡೀ ವಸಾಹತಿನ ಆಡಳಿತ ಕಚೇರಿಯೂ ಇತ್ತು. ಜಮೀನು ಮಂಜೂರಾತಿಯ ಕಾಗದ, ಕೈದಿಗಳ ಕ್ಷಮಾದಾನದ ಅರ್ಜಿ, ಟಿಕೆಟ್ ಆಫ್ ಲೀವ್ (ಶಿಕ್ಷೆ ಮುಗಿಯುವ ಮೊದಲೇ ಕೈದಿ ತನ್ನಷ್ಟಕ್ಕೆ ದುಡಿದು ಬಾಳಲು ಕೊಡುವ ಪರವಾನಗಿ), ಗವರ್ನರನ ಆಜ್ಞೆಗಳ ಪ್ರಕಟಣೆ ಎಲ್ಲವೂ ಆ ಕಚೇರಿಯನ್ನು ಹಾದೇ ಹೋಗಬೇಕು. ಕ್ಯಾಂಪ್‌ಬೆಲ್ ಇದಲ್ಲದೆ ಮ್ಯಾಜಿಸ್ಟ್ರೇಟನೂ ಆಗಿದ್ದ. 1817ರ ಏಪ್ರಿಲ್ 8ರಂದು ಬಾಗಿಲು ತೆರೆದ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್‌ನ ಮೊದಲ ಅಧ್ಯಕ್ಷನೂ ಅವನೇ. ನಿಮ್ಮಲ್ಲಿ ಎಷ್ಟೋ ಜನರ ಸಂಬಳ ಬೀಳುವ ಇಂದಿನ ವೆಸ್ಟ್‌ಪ್ಯಾಕ್ ಬ್ಯಾಂಕು ಹುಟ್ಟಿದ್ದು ಅಲ್ಲಿಂದ. 1821ರಲ್ಲಿ ಫ್ರೆಡರಿಕ್ ಗೋಲ್ಬರ್ನ್ ಬಂದ ಮೇಲಷ್ಟೇ ಈ ಹುದ್ದೆಗೆ "ಕಲೋನಿಯಲ್ ಸೆಕ್ರೆಟರಿ" ಎಂಬ ಹೆಸರು ಬಂತು. ಆದ್ದರಿಂದ ಕನ್ನಡದಲ್ಲಿ "ಗವರ್ನರ್ ಅವರ ಕಾರ್ಯದರ್ಶಿ" ಎಂದೇ ಬರೆಯಿರಿ. ಜೊತೆಗೆ "ಪತ್ರಿಕೆಯ ಸೆನ್ಸಾರ್ ಕೆಲಸವೂ ಈತನದೇ" ಎಂಬ ಮಾತನ್ನು ಮರೆಯದೆ ಸೇರಿಸಿ.

ಈಗ ಪತ್ರಿಕೆಯ ಕಡೆ ಬರೋಣ. 'ಸಿಡ್ನಿ ಗೆಜೆಟ್' 1803ರ ಮಾರ್ಚ್ 5ರಂದು ಶುರುವಾಯಿತು. ಆಸ್ಟ್ರೇಲಿಯಾದ ಮೊದಲ ಪತ್ರಿಕೆ. ಅಚ್ಚು ಹಾಕುತ್ತಿದ್ದವನು ಜಾರ್ಜ್ ಹೌ. ಕೆರಿಬಿಯನ್ ದ್ವೀಪ ಸೇಂಟ್ ಕಿಟ್ಸ್‌ನಲ್ಲಿ ಹುಟ್ಟಿ, ಕೈದಿಯಾಗಿ ಸಿಡ್ನಿಗೆ ಬಂದವನು. ಇದ್ದದ್ದು 1788ರಲ್ಲಿ ಮೊದಲ ಹಡಗು ಪಡೆಯ ಜೊತೆ ಬಂದ ಸಣ್ಣ ಮರದ ಪ್ರೆಸ್ಸು. ಕಾಗದಕ್ಕೂ ಶಾಯಿಗೂ ಸದಾ ಬರ. ಇಷ್ಟು ಕಷ್ಟದಲ್ಲಿ ಹೊರಡುತ್ತಿದ್ದ ಈ ಪತ್ರಿಕೆ ಹೌನ ಸ್ವಂತ ಇಚ್ಛೆಯಂತೆ ನಡೆಯುತ್ತಿರಲಿಲ್ಲ. ಅಚ್ಚುಮೊಳೆ ಜೋಡಿಸಿ, ಒಂದು ಪ್ರೂಫ್ ಎಳೆದು, ಅದನ್ನು ಗವರ್ನರ್ ಅವರ ಕಾರ್ಯದರ್ಶಿಗೆ ಕಳಿಸಬೇಕು. ಕಾರ್ಯದರ್ಶಿ ಓದಿ, ಬೇಡವಾದದ್ದನ್ನು ಹೊಡೆದುಹಾಕಿ, ಸರಿ ಎಂದ ಮೇಲೆ ಅಚ್ಚು. ಈ ಏರ್ಪಾಡು 1824ರವರೆಗೆ ನಡೆಯಿತು.

ಇದು ನಮ್ಮ ಕಡೆಗೂ ಗೊತ್ತಿದ್ದ ಪದ್ಧತಿ. 1799ರ ಮೇ ತಿಂಗಳಲ್ಲಿ, ಶ್ರೀರಂಗಪಟ್ಟಣ ಬಿದ್ದ ಕೆಲವೇ ದಿನಗಳಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಕಲ್ಕತ್ತೆಯ ಪತ್ರಿಕೆಗಳಿಗೆ ನಿಯಮ ಹಾಕಿದ: ಪ್ರತಿ ಸಂಚಿಕೆಯ ಕೊನೆಯಲ್ಲಿ ಮುದ್ರಕನ ಹೆಸರು ಇರಬೇಕು, ಸಂಪಾದಕ, ಮಾಲೀಕರ ಹೆಸರು ವಿಳಾಸ ಸರ್ಕಾರದ ಕಾರ್ಯದರ್ಶಿಗೆ ಕೊಡಬೇಕು, ಭಾನುವಾರ ಪತ್ರಿಕೆ ಹೊರಡಕೂಡದು, ಕಾರ್ಯದರ್ಶಿ ನೋಡದೆ ಏನೂ ಪ್ರಕಟವಾಗಕೂಡದು. ತಪ್ಪಿದವನನ್ನು ಯುರೋಪಿನ ಹಡಗು ಹತ್ತಿಸುತ್ತಿದ್ದರು. ಬಂಗಾಳಕ್ಕೂ ಸಿಡ್ನಿಗೂ ನಡುವೆ ಕಡಲಿದ್ದರೂ ಕಾರ್ಯದರ್ಶಿಯ ಮೇಜಿನ ಮೇಲೆ ಬರುತ್ತಿದ್ದ ಒದ್ದೆ ಪ್ರೂಫ್ ಹಾಳೆ ಒಂದೇ.

ಒಂದು ಹಾಳೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 1817ರ ಜನವರಿ 4, ಶನಿವಾರದ ಗೆಜೆಟ್. ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ತಾಣದಲ್ಲಿ ಈ ಪತ್ರಿಕೆಯ ಹಳೆಯ ಸಂಚಿಕೆಗಳ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ತೆರೆದು ಓದಬಹುದು. ಮೆಕ್ವಾರಿ ಕಾಲದ ಗೆಜೆಟ್‌ನಲ್ಲಿ ಶೀರ್ಷಿಕೆಯ ಕೆಳಗೆ ಒಂದು ಸ್ಥಿರ ಸೂಚನೆ ಅಚ್ಚಾಗುತ್ತಿತ್ತು. ಈ ಪತ್ರಿಕೆಯಲ್ಲಿ ಅಧಿಕೃತ ಸಹಿಯೊಂದಿಗೆ ಬರುವ ಪ್ರಕಟಣೆಗಳೆಲ್ಲ ಸಂಬಂಧಪಟ್ಟವರಿಗೆ ಸರ್ಕಾರವೇ ಕೊಟ್ಟ ತಿಳಿವಳಿಕೆ ಎಂದು ಭಾವಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಅದರ ಕೆಳಗೆ, ಗವರ್ನರ್ ಅವರ ಆಜ್ಞೆಯ ಮೇರೆಗೆ ಎಂದು, ಕ್ಯಾಂಪ್‌ಬೆಲ್‌ನ ಹೆಸರು, "ಕಾರ್ಯದರ್ಶಿ" ಎಂಬ ಪದನಾಮದೊಂದಿಗೆ. ಜನವರಿ 4ರ ಸಂಚಿಕೆಯ ಒಳಗೆ ಓದುಗರ ಪತ್ರವೊಂದಿದೆ. ಅದರ ಅಡಿಯಲ್ಲಿ "ಫೈಲೋ ಫ್ರೀ" ಎಂಬ ಸಹಿ. 'ಸ್ವಾತಂತ್ರ್ಯಪ್ರಿಯ' ಎಂದು ಅರ್ಥ ಮಾಡಿಕೊಳ್ಳಬಹುದು. ಆ ಪತ್ರ ಕ್ಯಾಂಪ್‌ಬೆಲ್ ಬರೆದದ್ದೆಂದೇ ಇತಿಹಾಸಕಾರರು ಒಪ್ಪುತ್ತಾರೆ. ಅಂದರೆ ಒಂದೇ ಪತ್ರಿಕೆಯಲ್ಲಿ ಒಬ್ಬನೇ ಮನುಷ್ಯ ಎರಡು ಹೆಸರಲ್ಲಿ ಮಾತಾಡುತ್ತಿದ್ದಾನೆ: ತಲೆಯಲ್ಲಿ ಸರ್ಕಾರವಾಗಿ, ಒಳಗೆ ಸಾಮಾನ್ಯ ಓದುಗನಾಗಿ. ಗೆಜೆಟ್ ಬಿಟ್ಟರೆ ಬೇರೆ ಪತ್ರಿಕೆ ಇಲ್ಲದ ಊರು ಅದು. ಉತ್ತರ ಬರೆಯಬೇಕೆಂದರೂ ಆ ಉತ್ತರ ಹೋಗಬೇಕಾದದ್ದು ಇದೇ ಕಾರ್ಯದರ್ಶಿಯ ಮೇಜಿಗೆ. ಮಕ್ಕಳಿಗೆ ಈ ಎರಡು ಹೆಸರುಗಳನ್ನು ಬೆರಳಿಟ್ಟು ತೋರಿಸಿ. ಹತ್ತು ನಿಮಿಷದ ಭಾಷಣಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಪತ್ರದ ಗುರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್. ವಸಾಹತಿನ ಮುಖ್ಯ ಪಾದ್ರಿ, ಪ್ಯಾರಾಮಾಟ್ಟಾದ ಮ್ಯಾಜಿಸ್ಟ್ರೇಟ್, ಕುರಿ ಸಾಕಿ ದೊಡ್ಡ ಜಮೀನುದಾರನಾದವನು, ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ಕೆಲಸ ಮಾಡುತ್ತಿದ್ದ ಮಿಷನರಿ ಸಂಘಗಳ ಏಜೆಂಟ್. 1814ರಲ್ಲಿ 'ಆ್ಯಕ್ಟಿವ್' ಎಂಬ ಹಡಗು ಕೊಂಡು, ಅದೇ ವರ್ಷದ ಕ್ರಿಸ್‌ಮಸ್ ದಿನ ನ್ಯೂಜಿಲೆಂಡ್‌ನ ಬೇ ಆಫ್ ಐಲೆಂಡ್ಸ್‌ನಲ್ಲಿ ಧರ್ಮೋಪದೇಶ ಮಾಡಿದವನು. ಗವರ್ನರನ ಜೊತೆ ಅವನಿಗೆ 1810ರಿಂದಲೇ ಮನಸ್ತಾಪ. ಶಿಕ್ಷೆ ಮುಗಿಸಿದ ಕೈದಿಗಳಾದ ಸಿಮಿಯನ್ ಲಾರ್ಡ್, ಆಂಡ್ರ್ಯೂ ಥಾಂಪ್ಸನ್ ಜೊತೆ ಪ್ಯಾರಾಮಾಟ್ಟಾ ರಸ್ತೆಯ ಸುಂಕದ ಟ್ರಸ್ಟಿಯಾಗಿ ಕೂರಲು ಅವನು ಒಪ್ಪಲಿಲ್ಲ. ಫೈಲೋ ಫ್ರೀ ಪತ್ರ ಅವನ ಮಿಷನ್ ಕೆಲಸದ ಹಿಂದೆ ವ್ಯಾಪಾರದ ಲಾಭ ಇದೆ ಎಂಬ ಅನುಮಾನ ಹುಟ್ಟಿಸಿತು. ಕಡಲಾಚೆಯ ಜನರ ಆತ್ಮೋದ್ಧಾರಕ್ಕೆ ಓಡುವವನು ಇಲ್ಲಿಯ ಮೂಲನಿವಾಸಿಗಳ ಕಡೆ ತಿರುಗಿ ನೋಡುವುದಿಲ್ಲ ಎಂದು ಹಂಗಿಸಿತು.

ಇಲ್ಲಿ ಬರೆಯುವವರು ಸಾಮಾನ್ಯವಾಗಿ ಎಡವುತ್ತಾರೆ. ಮಾರ್ಸ್‌ಡನ್ ಕೈದಿಗಳಿಗೆ ಕ್ರೂರ ಛಡಿಯೇಟು ಕೊಡಿಸಿದವನೆಂದು ಹೆಸರಾಗಿರುವುದರಿಂದ ಪತ್ರ ಬರೆದವನೇ ನ್ಯಾಯದ ಪಕ್ಷ ಎಂದು ತೀರ್ಮಾನಿಸಿಬಿಡುತ್ತಾರೆ. ಮೂಲನಿವಾಸಿಗಳ ಹೆಸರೆತ್ತಿದ ಆ ಪತ್ರ ಅಚ್ಚಾದದ್ದು 1817ರ ಜನವರಿಯಲ್ಲಿ. ಅದಕ್ಕೆ ಒಂಬತ್ತು ತಿಂಗಳೂ ಹಿಂದಲ್ಲ, 1816ರ ಏಪ್ರಿಲ್ 17ರಂದು, ಮೆಕ್ವಾರಿ ಕಳಿಸಿದ ಸೈನಿಕರು ಅಪಿನ್ ಬಳಿ ಮೂಲನಿವಾಸಿಗಳ ಮೇಲೆ ಬಿದ್ದು ಕನಿಷ್ಠ 14 ಜನರನ್ನು ಕೊಂದಿದ್ದರು. ಅದರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಮರುತಿಂಗಳು, ಶಸ್ತ್ರ ಹಿಡಿದು ವಸತಿಗಳ ಹತ್ತಿರ ಬರಕೂಡದು ಎಂದು ಮೂಲನಿವಾಸಿಗಳಿಗೆ ಗವರ್ನರ್ ಹೊರಡಿಸಿದ ಘೋಷಣೆಯ ಅಡಿಯಲ್ಲಿ ಕಾರ್ಯದರ್ಶಿಯಾಗಿ ಇದೇ ಕ್ಯಾಂಪ್‌ಬೆಲ್‌ನ ಹೆಸರಿದೆ. ಪ್ಯಾರಾಮಾಟ್ಟಾದಲ್ಲಿ ಮೂಲನಿವಾಸಿ ಮಕ್ಕಳಿಗಾಗಿ 1815ರಲ್ಲಿ ಶುರುಮಾಡಿದ ಶಾಲೆಯೂ ಇದೇ ಸರ್ಕಾರದ್ದು. ಮಕ್ಕಳನ್ನು ತಂದೆತಾಯಿಯಿಂದ ಬೇರೆಯಾಗಿಸಿ ಇಟ್ಟುಕೊಂಡ ಶಾಲೆ ಅದು. ಯಾರ ಹೆಸರಿನಲ್ಲಿ ಈ ಇಬ್ಬರು ಬಿಳಿಯರು ಕೋರ್ಟಿನವರೆಗೆ ಕಾದಾಡಿದರೋ ಆ ಜನರ ಒಂದು ಮಾತೂ ಆ ಕೇಸಿನಲ್ಲಿ ಕೇಳುವುದಿಲ್ಲ. ದಯವಿಟ್ಟು ಪಾಠದಲ್ಲಿ ಈ ಮಾತು ಬಿಡಬೇಡಿ.

ಇನ್ನು ಕೋರ್ಟು. ಕನ್ನಡದಲ್ಲಿ ಈ ಕೇಸಿನ ಬಗ್ಗೆ ಬರೆಯುವಾಗ "ಜ್ಯೂರಿ ತೀರ್ಪು ಕೊಟ್ಟಿತು" ಎಂದು ಬರೆಯುವ ಅಪಾಯ ಇದೆ, ಇಂಗ್ಲೆಂಡಿನ ಕೋರ್ಟು ಕಣ್ಣಮುಂದೆ ಇರುವುದರಿಂದ. 1817ರ ಸಿಡ್ನಿಯಲ್ಲಿ ಜ್ಯೂರಿ ಇರಲೇ ಇಲ್ಲ. 1787ರ ಸನದಿನ ಪ್ರಕಾರ ಕ್ರಿಮಿನಲ್ ಕೋರ್ಟೆಂದರೆ ಏಳು ಜನ: ಒಬ್ಬ ಜಡ್ಜ್ ಅಡ್ವೊಕೇಟ್, ಆರು ಜನ ಭೂಸೇನೆ ಅಥವಾ ನೌಕಾಸೇನೆಯ ಅಧಿಕಾರಿಗಳು. ಕೋರ್ಟು ಕೂಡಿಸುವ ಆಜ್ಞೆ ಗವರ್ನರನದು. ತೀರ್ಪು ಬಹುಮತದ ಮೇಲೆ. ಮರಣದಂಡನೆಗೆ ಮಾತ್ರ ಏಳರಲ್ಲಿ ಐದು ಮತ ಬೇಕು. ಜಡ್ಜ್ ಅಡ್ವೊಕೇಟನ ಪಾತ್ರವಂತೂ ಇಂದಿನ ಕಣ್ಣಿಗೆ ನಂಬಲಿಕ್ಕೇ ಆಗದ್ದು. ದೂರು ಮೊದಲು ಅವನ ಹತ್ತಿರ ಹೋಗಬೇಕು. ದೋಷಾರೋಪ ಪಟ್ಟಿ ಬರೆಯುವವನು ಅವನು. ವಿಚಾರಣೆಗೆ ಅಧ್ಯಕ್ಷನಾಗಿ ಕೂರುವವನು ಅವನು. ಕಾನೂನು ಹೇಳುವವನು ಅವನು. ಕೊನೆಗೆ ಉಳಿದ ಆರು ಜನರ ಜೊತೆ ಮತ ಹಾಕುವವನೂ ಅವನೇ. ಈಗಿನ ಲೆಕ್ಕದಲ್ಲಿ ಹೇಳಬೇಕೆಂದರೆ ಸರ್ಕಾರಿ ಅಭಿಯೋಜಕ, ನ್ಯಾಯಾಧೀಶ, ಜ್ಯೂರಿ ಸದಸ್ಯ ಮೂರೂ ಒಬ್ಬನೇ. 1817ರಲ್ಲಿ ಆ ಸ್ಥಾನದಲ್ಲಿದ್ದವನು ಜಾನ್ ವೈಲ್ಡ್. ಗವರ್ನರನ ಜೊತೆ ಚೆನ್ನಾಗಿದ್ದವನು.

ಆದ್ದರಿಂದ ಗವರ್ನರನ ಕಾರ್ಯದರ್ಶಿಯ ಮೇಲೆ ಕ್ರಿಮಿನಲ್ ಕೇಸು ಹಾಕಬೇಕಾದವನಿಗೆ ದಾರಿ ಒಂದೇ, ಆ ದಾರಿಯ ಬಾಗಿಲಲ್ಲಿ ನಿಂತವನು ಸರ್ಕಾರದವನು. ಪತ್ರ ಅಚ್ಚಾದದ್ದು ಜನವರಿಯಲ್ಲಿ, ವಿಚಾರಣೆ ನಡೆದದ್ದು ಅಕ್ಟೋಬರಿನಲ್ಲಿ. ನಡುವೆ ಒಂಬತ್ತು ತಿಂಗಳು.

ಮಾನಹಾನಿ ಕೇಸಿನಲ್ಲಿ ಫಿರ್ಯಾದಿ ಮುಖ್ಯವಾಗಿ ಮೂರು ಸಂಗತಿ ಸಾಬೀತು ಮಾಡಬೇಕು. ಬರಹ ಪ್ರಕಟವಾಗಿದೆ, ಅದು ಹೇಳುತ್ತಿರುವುದು ತನ್ನ ಬಗ್ಗೆಯೇ, ಅದರಿಂದ ಮಾನಕ್ಕೆ ಕುಂದು ಬರುತ್ತದೆ. ಸುಳ್ಳು ಹೆಸರಿನ ಪತ್ರದಲ್ಲಿ ಇದಕ್ಕೆ ನಾಲ್ಕನೆಯ ಗಂಟು ಸೇರಿಕೊಳ್ಳುತ್ತದೆ: ಆರೋಪಿಗೂ ಆ ಬರಹಕ್ಕೂ ಇರುವ ಸಂಬಂಧ. ಬರೆದವನನ್ನು ಹಿಡಿಯಬೇಕಾದರೆ ಹಸ್ತಪ್ರತಿ ಬೇಕು, ಕೈಬರಹ ಗುರುತಿಸುವವರು ಬೇಕು, ಇಲ್ಲವೇ ಅಚ್ಚುಕೂಟದವರ ಬಾಯಿಂದ ಬರಬೇಕು. ಅಚ್ಚುಕೂಟದವರ ಅನ್ನ ಇರುವುದು ಕಾರ್ಯದರ್ಶಿಯ ಕೈಯಲ್ಲಿ. ಸಾಕ್ಷಿಕಟ್ಟೆಗೆ ಬಂದವನು ನಾಳೆ ಮತ್ತೆ ಪ್ರೂಫ್ ಹಿಡಿದು ಅದೇ ಮನುಷ್ಯನ ಮುಂದೆ ನಿಲ್ಲಬೇಕು. ಇಂಥ ಕಡೆ ಬರೆದ ಕೈಯನ್ನು ಹಿಡಿಯುವುದು ಕಷ್ಟ. ಅಚ್ಚಿಗೆ ಬಿಟ್ಟ ಕೈಯನ್ನು ಹಿಡಿಯುವುದು ಸುಲಭ. ಸೆನ್ಸಾರ್ ಅನುಮತಿ ಇಲ್ಲದೆ ಗೆಜೆಟ್‌ನಲ್ಲಿ ಒಂದು ಸಾಲೂ ಅಚ್ಚಾಗುವುದಿಲ್ಲ ಎಂದು ಊರಿಗೆಲ್ಲ ಗೊತ್ತು; ಸೆನ್ಸಾರ್ ಯಾರೆಂಬುದೂ ಗೊತ್ತು.

ಕೋರ್ಟು ಕೊಟ್ಟ ತೀರ್ಪು ಈ ಸಂದಿನಲ್ಲೇ ನಿಂತಿದೆ. ಕ್ಯಾಂಪ್‌ಬೆಲ್ ತಪ್ಪಿತಸ್ಥ, ಆದರೆ ಯಾವುದಕ್ಕೆ? ದಕ್ಷಿಣ ಸಮುದ್ರದಲ್ಲಿ ಸುವಾರ್ತೆ ಸಾರುವ ಮಿಷನರಿ ಸಂಘಗಳ ಏಜೆಂಟನಾಗಿ ಮಾರ್ಸ್‌ಡನ್ ಮಾಡಿದ ಸಾರ್ವಜನಿಕ ಕೆಲಸವನ್ನು ಹೀನಾಯ ಮಾಡುವ ಪತ್ರವೊಂದನ್ನು ಸಿಡ್ನಿ ಗೆಜೆಟ್‌ನಲ್ಲಿ ಅಚ್ಚಾಗಲು ಬಿಟ್ಟದ್ದಕ್ಕೆ. "ಬರೆದದ್ದಕ್ಕೆ" ಎಂಬ ಮಾತು ಅಲ್ಲಿಲ್ಲ. ಇನ್ನೂ ಒಂದು ಬಿಗಿ ಇದೆ: ಮಾರ್ಸ್‌ಡನ್‌ನ ವ್ಯಕ್ತಿಗತ ಮಾನ ಎನ್ನದೆ, ಏಜೆಂಟನಾಗಿ ಮಾಡಿದ ಸಾರ್ವಜನಿಕ ನಡವಳಿಕೆ ಎಂದು ತೀರ್ಪು ತನ್ನನ್ನು ಕಟ್ಟಿಹಾಕಿಕೊಂಡಿದೆ. ಅನುವಾದ ಮಾಡುವ ಗೆಳೆಯರಲ್ಲಿ ನಮ್ಮ ಕಳಕಳಿಯ ಬಿನ್ನಹ ಇಷ್ಟೇ: "ಮಾನಹಾನಿಕರ ಪತ್ರ ಬರೆದದ್ದಕ್ಕಾಗಿ ಶಿಕ್ಷೆಗೊಳಗಾದ" ಎಂಬ ಸಾಲು ಬರೆಯಬೇಡಿ. ಅದು ಎರಡು ಕಡೆ ತಪ್ಪು. ಬರೆದದ್ದಕ್ಕಲ್ಲ, ಬಿಟ್ಟದ್ದಕ್ಕೆ, ಮತ್ತು ತಪ್ಪಿತಸ್ಥ ಎಂದು ಹೇಳುವುದೇ ಶಿಕ್ಷೆ ವಿಧಿಸಿದಂತೆ ಅಲ್ಲ. "ಅಚ್ಚಾಗಲು ಬಿಟ್ಟ ತಪ್ಪಿಗೆ ದೋಷಿ ಎಂದು ತೀರ್ಮಾನವಾಯಿತು" ಎಂದು ಬರೆದರೆ ಸರಿ.

ಈ ತೀರ್ಪು ಸರ್ಕಾರದವನಿಗೆ ತಪ್ಪಿಸಿಕೊಳ್ಳಲು ಕೊಟ್ಟ ಕಿಂಡಿ ಎಂದು ಕೆಲವರು ಓದುತ್ತಾರೆ. ಆ ಓದಿಗೆ ಆಧಾರವಿಲ್ಲ ಎನ್ನಲಾಗದು. ಬರೆದವನು ಎಂಬ ಪಟ್ಟ ತಪ್ಪಿತಲ್ಲ. ನಮಗೆ ಮಾತ್ರ ಅದರಲ್ಲಿ ದೊಡ್ಡದೊಂದು ಕಾಣುತ್ತದೆ. ಸೆನ್ಸಾರ್ ಮಾಡುವ ಅಧಿಕಾರ ಇದ್ದವನಿಗೆ ಸೆನ್ಸಾರ್ ಮಾಡದೆ ಬಿಟ್ಟದ್ದರ ಹೊಣೆಯೂ ಇದೆ ಎಂದು ಗವರ್ನರ್ ಕೂಡಿಸಿದ ಕೋರ್ಟೇ, ಸಮವಸ್ತ್ರದ ಅಧಿಕಾರಿಗಳೇ, ಗವರ್ನರನ ಬಲಗೈಯಂತಿದ್ದ ಮನುಷ್ಯನ ಮುಖಕ್ಕೆ ಹೇಳಿದರು. ಕಲ್ಕತ್ತೆಯಲ್ಲಿ 1780ರ ದಶಕದ ಆರಂಭದಲ್ಲಿ ಹಿಕ್ಕಿಯ ಬೆಂಗಾಲ್ ಗೆಜೆಟ್ ಮೇಲೆ ನಡೆದ ಮಾನಹಾನಿ ಕೇಸುಗಳಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಫಿರ್ಯಾದಿಯಾಗಿದ್ದ, ಮುದ್ರಕ ಹಿಕ್ಕಿ ಜೈಲಿಗೆ ಹೋದ. ಸಿಡ್ನಿಯಲ್ಲಿ ಕಟಕಟೆಯ ಕಡೆ ನಿಂತದ್ದು ಸರ್ಕಾರ.

ಸತ್ಯದ ಪ್ರಶ್ನೆ ಮಕ್ಕಳು ಖಂಡಿತ ಎತ್ತುತ್ತಾರೆ: "ಪತ್ರದಲ್ಲಿದ್ದದ್ದು ನಿಜವೇ ಆಗಿದ್ದರೆ?" ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಕ್ರಿಮಿನಲ್ ಮಾನಹಾನಿಗೆ ಸತ್ಯ ಎಂಬುದು ರಕ್ಷಣೆಯೇ ಆಗಿರಲಿಲ್ಲ. ಬರಹದಿಂದ ಊರಿನ ಶಾಂತಿ ಕೆಡುತ್ತದೆ ಎಂಬುದೇ ಅಪರಾಧದ ಬುಡ. ನಿಜವಾದ ಮಾತು ಇನ್ನೂ ಹೆಚ್ಚು ಕೆರಳಿಸುತ್ತದೆ ಎಂಬ ತರ್ಕ. ಇಂಗ್ಲೆಂಡಿನಲ್ಲಿ ಇದು ಬದಲಾದದ್ದು 1843ರ ಕಾಯಿದೆಯಿಂದ. ಸಿವಿಲ್ ದಾವೆಯಲ್ಲಿ ಹಾಗಲ್ಲ, ಅಲ್ಲಿ ಸತ್ಯ ಸಾಬೀತಾದರೆ ದಾವೆ ಬಿದ್ದುಹೋಗುತ್ತಿತ್ತು. ನಮ್ಮ ದೇಶದಲ್ಲಿ ಇಂದಿಗೂ ಎರಡು ದಾರಿಯೂ ಇವೆ ಎಂದು ಊರಿಂದ ಬಂದ ಪೋಷಕರಿಗೆ ಹೇಳಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಮಾನಹಾನಿ ಅಪರಾಧ. ಮಾತು ನಿಜವಿದ್ದರಷ್ಟೇ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಮಾನಹಾನಿಕರ ಎಂದು ತಿಳಿದೂ ಅಚ್ಚು ಹಾಕಿದವನಿಗೆ ಅದೇ ಕಲಮಿನಲ್ಲಿ ಪ್ರತ್ಯೇಕ ಉಪಕಲಮು ಇದೆ. ಹಳೆಯ ದಂಡಸಂಹಿತೆಯಲ್ಲಿ ಅದು 501ನೇ ಕಲಮು. ಬರೆದವನು ಬೇರೆ, ಅಚ್ಚಿಗೆ ಹಾಕಿದವನು ಬೇರೆ, ಇಬ್ಬರಿಗೂ ಹೊಣೆ ಉಂಟು ಎಂಬ ತಿಳಿವಳಿಕೆ ನಮ್ಮ ಕಾನೂನಿನಲ್ಲೂ ಇದೆ.

ಪತ್ರದ ಆಪಾದನೆಗಳ ನಿಜಾಂಶ ಕೇಳಿದರೆ ಉತ್ತರ ನೇರವಾಗಿಲ್ಲ. ಮಿಷನ್ ಹಡಗು ಸರಕು ಸಾಗಿಸಿದ್ದು ನಿಜ. ಮಿಷನ್ ಖರ್ಚನ್ನು ವ್ಯಾಪಾರದಿಂದ ಸರಿದೂಗಿಸಬೇಕು ಎಂಬುದು ಮಾರ್ಸ್‌ಡನ್‌ನ ಬಹಿರಂಗ ಯೋಜನೆಯೇ ಆಗಿತ್ತು. ನ್ಯೂಜಿಲೆಂಡಿನ ಕೆಲವು ಮಿಷನರಿಗಳು, ಮುಖ್ಯವಾಗಿ ಥಾಮಸ್ ಕೆಂಡಲ್, ಅಲ್ಲಿಯ ಮೂಲನಿವಾಸಿಗಳಾದ ಮಾವೋರಿಗಳೊಂದಿಗೆ ಬಂದೂಕಿನ ವ್ಯವಹಾರ ಮಾಡಿದ್ದೂ ನಿಜ. ಮಾರ್ಸ್‌ಡನ್ ಆ ವ್ಯವಹಾರಕ್ಕೆ ವಿರುದ್ಧವಾಗಿದ್ದ, ಮುಂದೆ ಕೆಂಡಲ್‌ನನ್ನು ಮಿಷನ್‌ನಿಂದ ತೆಗೆದ. ಈ ಮೂರನ್ನೂ ಒಟ್ಟಿಗೆ ಹೇಳದೆ ಒಂದನ್ನಷ್ಟೇ ಹೇಳಿದರೆ ಯಾವುದಾದರೊಂದು ಪಕ್ಷದ ವಕೀಲರಾಗುತ್ತೇವೆ.

ಎರಡನೆಯ ಕೇಸು ಬೇಗ ಮುಗಿಯುತ್ತದೆ. ಕ್ರಿಮಿನಲ್ ತೀರ್ಪಿನಿಂದ ಮಾರ್ಸ್‌ಡನ್ ಕೈಗೆ ಒಂದು ಕಾಸೂ ಬರುವುದಿಲ್ಲ. ಆದ್ದರಿಂದ ಅವನು ಸಿವಿಲ್ ದಾವೆ ಹೂಡಿದ. 1814ರ ಸನದಿನಂತೆ 50 ಪೌಂಡಿನವರೆಗಿನ ದಾವೆ ಗವರ್ನರ್ಸ್ ಕೋರ್ಟಿಗೆ, ಅದಕ್ಕಿಂತ ಹೆಚ್ಚಿನದು ಸುಪ್ರೀಂ ಕೋರ್ಟಿಗೆ. ಸುಪ್ರೀಂ ಕೋರ್ಟೆಂದರೆ ಇಂದಿನ ದೊಡ್ಡ ಕಲ್ಪನೆ ಬೇಡ. ಒಬ್ಬ ನ್ಯಾಯಾಧೀಶ, ಗವರ್ನರ್ ನೇಮಿಸಿದ ಇಬ್ಬರು ಮ್ಯಾಜಿಸ್ಟ್ರೇಟರು. ನ್ಯಾಯಾಧೀಶ ಬ್ಯಾರನ್ ಫೀಲ್ಡ್ ಅದೇ ವರ್ಷದ ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ಬಂದಿಳಿದವನು. 1817ರ ಡಿಸೆಂಬರಿನಲ್ಲಿ ಆ ಕೋರ್ಟು ಮಾರ್ಸ್‌ಡನ್‌ಗೆ 200 ಪೌಂಡ್ ಪರಿಹಾರ ಕೊಡಿಸಿತು. ಇದರ ಮೇಲೆ ಅಪೀಲು ಎಂದರೆ ಎಲ್ಲಿಗೆ ಹೋಗಬೇಕಿತ್ತು ಎಂಬುದನ್ನೂ ತೋರಿಸಿ: ಹೈಕೋರ್ಟ್ ಆಫ್ ಅಪೀಲ್ಸ್ ಎಂಬುದಕ್ಕೆ. ಅಲ್ಲಿ ಕೂರುವವನು ಗವರ್ನರ್, ಅವನಿಗೆ ನೆರವಾಗುವವನು ಜಡ್ಜ್ ಅಡ್ವೊಕೇಟ್. ಸನದಿನ ಕಟ್ಟಡವೇ ಹಾಗಿತ್ತು. ಎಷ್ಟು ಮೆಟ್ಟಿಲು ಹತ್ತಿದರೂ ಕೊನೆಗೆ ಸಿಗುವುದು ಗವರ್ನರನ ಮನೆ ಬಾಗಿಲು. ಕೊನೆಯ ಅಪೀಲು ಕೇಳುವ ಲಂಡನ್ನಿನ ಪ್ರೀವಿ ಕೌನ್ಸಿಲಿಗೆ ಹೋಗಲು 3,000 ಪೌಂಡಿನ ಮೇಲಿನ ವ್ಯಾಜ್ಯವಾಗಿರಬೇಕು.

ಕೇಸು ಮುಗಿದ ಮೇಲಿನ ಒಂದು ಘಟನೆ. 1818ರ ಜನವರಿ 8ರಂದು ಮೆಕ್ವಾರಿ ಮಾರ್ಸ್‌ಡನ್‌ನನ್ನು ಗವರ್ನಮೆಂಟ್ ಹೌಸಿಗೆ ಕರೆಸಿ ಸಾಕ್ಷಿಗಳ ಮುಂದೆ ಬೈದ. ಗುಂಪು ಕಟ್ಟಿ ಸರ್ಕಾರದ ವಿರುದ್ಧ ಪಿತೂರಿ ಮಾಡುವವನು ಎಂದ. ಕರ್ತವ್ಯದ ಕೆಲಸವಿಲ್ಲದೆ ಇನ್ನು ಈ ಮನೆಗೆ ಬರಬೇಡ ಎಂದ. ತಕ್ಷಣದ ಕಾರಣ ಬೇರೆಯದು. 1816ರಲ್ಲಿ ಗವರ್ನರ್ ವಿಚಾರಣೆಯಿಲ್ಲದೆ ಛಡಿಯೇಟು ಕೊಡಿಸಿದ್ದ ಪ್ರಕರಣದ ಬಗ್ಗೆ ಮಾರ್ಸ್‌ಡನ್ ಹೇಳಿಕೆ ಬರೆಸಿಕೊಂಡಿದ್ದ. ಆದರೆ ಆ ಕೋಣೆಯಲ್ಲಿ ಸಾಕ್ಷಿಯಾಗಿ ನಿಂತಿದ್ದವರು ಯಾರು ನೋಡಿ: ಪಾದ್ರಿ ವಿಲಿಯಂ ಕೌಪರ್, ಗವರ್ನರನ ಎಡಿಸಿ (ಆಪ್ತ ಸೇನಾ ಸಹಾಯಕ) ವಾಟ್ಸ್, ಮತ್ತು ಜಾನ್ ಥಾಮಸ್ ಕ್ಯಾಂಪ್‌ಬೆಲ್. ಒಂದು ತಿಂಗಳ ಹಿಂದಷ್ಟೇ ಮಾರ್ಸ್‌ಡನ್‌ಗೆ ಪರಿಹಾರ ಕಟ್ಟಬೇಕೆಂದು ತೀರ್ಪು ಕೇಳಿದವನು. ಅವನ ಹುದ್ದೆ ಅಲುಗಾಡಿರಲಿಲ್ಲ. ಗವರ್ನರನ ಕಾರ್ಯದರ್ಶಿಯಾಗಿ ಅವನು 1821ರವರೆಗೂ ಮುಂದುವರಿದ.

ಬರೆಯುವವರು ಎಡವುವ ಸಣ್ಣ ಕಲ್ಲುಗಳೂ ಇವೆ. ಬ್ಯಾರನ್ ಫೀಲ್ಡ್ ಎಂಬಲ್ಲಿ ಬ್ಯಾರನ್ ಬಿರುದಲ್ಲ, ಇಟ್ಟ ಹೆಸರು. "ಬ್ಯಾರನ್ ಪದವಿಯ ಫೀಲ್ಡ್" ಎಂದು ಬರೆಯಬಾರದು. ಕ್ಯಾಂಪ್‌ಬೆಲ್‌ಗಳು ಅನೇಕರು: ಕಲ್ಕತ್ತೆಯಿಂದ ಬಂದು ಸಿಡ್ನಿಯಲ್ಲಿ ದೊಡ್ಡ ವ್ಯಾಪಾರಿಯಾದ ರಾಬರ್ಟ್ ಕ್ಯಾಂಪ್‌ಬೆಲ್ ಬೇರೆ, ಇಂಗ್ಲೆಂಡಿನ 1843ರ ಮಾನಹಾನಿ ಕಾಯಿದೆಗೆ ಹೆಸರು ಕೊಟ್ಟ ಲಾರ್ಡ್ ಕ್ಯಾಂಪ್‌ಬೆಲ್ ಬೇರೆ. ನ್ಯೂ ಸೌತ್ ವೇಲ್ಸ್‌ನ ರಾಜ್ಯ ದಾಖಲೆ ಸಂಗ್ರಹದಲ್ಲಿರುವ 1788ರಿಂದ 1825ರವರೆಗಿನ ಕಲೋನಿಯಲ್ ಸೆಕ್ರೆಟರಿ ಕಾಗದಗಳ ಸೂಚಿಯಲ್ಲಿ ಹುಡುಕುವಾಗ ಪೂರ್ತಿ ಹೆಸರು ಕೊಟ್ಟು ಹುಡುಕಿ. ಟ್ರೋವ್‌ನಲ್ಲಿ ಯಂತ್ರ ಓದಿದ ಪಠ್ಯವನ್ನು ನಂಬಿ ನಕಲು ಮಾಡಬೇಡಿ. ಸವೆದ ಮೊಳೆಯ, ಶಾಯಿ ಹರಡಿದ ಹಾಳೆಗಳಲ್ಲಿ ಅದು ತಪ್ಪು ಓದುತ್ತದೆ. ಪಕ್ಕದಲ್ಲಿರುವ ಹಾಳೆಯ ಚಿತ್ರವನ್ನೇ ದೊಡ್ಡದು ಮಾಡಿ ಓದಿ.

ಪಾಠಕ್ಕೆ ಒಂದು ಕ್ರಮ ಸೂಚಿಸುತ್ತೇವೆ. ಜನವರಿ 4ರ ಸಂಚಿಕೆಯ ಮುಖಪುಟವನ್ನೂ ಫೈಲೋ ಫ್ರೀ ಪತ್ರ ಇರುವ ಪುಟವನ್ನೂ ಮುದ್ರಿಸಿ ಮಕ್ಕಳ ಮುಂದಿಡಿ. ಯಾರ ಹೆಸರು ಎಲ್ಲಿದೆ ಎಂದು ಅವರೇ ಹುಡುಕಲಿ. ಆಮೇಲೆ ಏಳು ಮಕ್ಕಳನ್ನು ಕೋರ್ಟಾಗಿ ಕೂರಿಸಿ, ಒಬ್ಬ ಜಡ್ಜ್ ಅಡ್ವೊಕೇಟ್, ಆರು ಅಧಿಕಾರಿಗಳು. ದೋಷಾರೋಪದಲ್ಲಿ "ಬರೆದ" ಎಂಬ ಪದ ಇಡಬೇಕೋ "ಅಚ್ಚಾಗಲು ಬಿಟ್ಟ" ಎಂಬ ಪದ ಇಡಬೇಕೋ ಎಂದು ಅವರು ವಾದ ಮಾಡಲಿ. ಪ್ರತಿ ಪದಕ್ಕೆ ಯಾವ ಸಾಕ್ಷ್ಯ ಬೇಕು ಎಂದು ಪಟ್ಟಿ ಮಾಡಲಿ. ತೀರ್ಪನ್ನು ಮೊದಲೇ ಹೇಳಬೇಡಿ. ಹತ್ತು ವರ್ಷದ ಮಕ್ಕಳೂ ಆ ಎರಡು ಕ್ರಿಯಾಪದಗಳ ನಡುವಿನ ದೂರವನ್ನು ಕಾಣಬಲ್ಲರು.

ಜಡ್ಜ್ ಅಡ್ವೊಕೇಟ್ ಎಂಬ ಆ ಹುದ್ದೆ 1824ರಲ್ಲಿ ಕೊನೆಗೊಂಡಿತು. 1823ರ ಕಾಯಿದೆಯಂತೆ ಹೊಸ ಸುಪ್ರೀಂ ಕೋರ್ಟು 1824ರ ಮೇ 17ರಂದು ಫ್ರಾನ್ಸಿಸ್ ಫೋರ್ಬ್ಸ್ ಮುಖ್ಯ ನ್ಯಾಯಮೂರ್ತಿಯಾಗಿ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್ 14ರಂದು 'ದಿ ಆಸ್ಟ್ರೇಲಿಯನ್' ಪತ್ರಿಕೆ ಯಾರ ಅನುಮತಿಯನ್ನೂ ಕೇಳದೆ ಹೊರಬಂತು. ಗವರ್ನರ್ ಬ್ರಿಸ್ಬೇನ್ ಗೆಜೆಟ್ ಮೇಲಿನ ಸೆನ್ಸಾರ್ ತೆಗೆದ. ಅಂದಿನಿಂದ ಗೆಜೆಟ್‌ನ ಪ್ರೂಫ್ ಕಾರ್ಯದರ್ಶಿಯ ಮೇಜಿಗೆ ಹೋಗುವುದು ನಿಂತಿತು.

ಇತಿ,
ಹಳೆಯ ನ್ಯೂ ಸೌತ್ ವೇಲ್ಸ್‌ನ ಕೋರ್ಟು ಕಡತಗಳನ್ನು ಓದುವ ಕೆಲವು ಕನ್ನಡಿಗರು